ಒಂದೇ ಪೀಪಾಯಿ

ಕಾವ್ಯಮೀಮಾಂಸೆಯನ್ನು ಪಾಠ ಹೇಳುವವರ ಪಾಡು ಒಂದು ಬಗೆಯಲ್ಲಿ ವಿಚಿತ್ರವಾದುದು. ರಸ, ರುಚಿ, ಆಸ್ವಾದ, ಪಾಕ ಎಂದು ನಾವು ಬಳಸುವ ಮಾತುಗಳೆಲ್ಲ ಅಡುಗೆಮನೆಯಿಂದ, ಊಟದ ಎಲೆಯಿಂದ ಬಂದವು. ನಾವು ಅವನ್ನು ಬಳಸುವುದು ಮಾತ್ರ ಸೀಮೆಸುಣ್ಣದ ಧೂಳಿನ ನಡುವೆ. ಭರತಮುನಿ ನಾಟ್ಯಶಾಸ್ತ್ರದಲ್ಲಿ ರಸವೆಂದರೇನೆಂದು ವಿವರಿಸಲು ಹೊರಟಾಗ ನಾನಾ ವ್ಯಂಜನಗಳಿಂದ ಕೂಡಿದ ಅನ್ನವನ್ನು ಉಣ್ಣುವವನ ದೃಷ್ಟಾಂತವನ್ನೇ ತೆಗೆದುಕೊಂಡನು. ಅಭಿನವಗುಪ್ತನು ರಸಾನುಭವವನ್ನು ‘ಚರ್ವಣೆ’ ಎಂದು ಕರೆದನು. ಅಗಿದು ಸವಿಯುವುದು ಎಂದು ಅದರ ಅರ್ಥ. ಇಪ್ಪತ್ತು ವರ್ಷ ಈ ದೃಷ್ಟಾಂತಗಳನ್ನು ತರಗತಿಯಲ್ಲಿ ಒಪ್ಪಿಸುತ್ತ ಬಂದ ನಾನು, ಒಂದು ವಸ್ತುವನ್ನು ನಾಲಿಗೆಯ ಮೇಲಿಟ್ಟುಕೊಂಡು ಅದರ ಗುಣದೋಷಗಳನ್ನು ನಿರ್ಣಯಿಸುವ ಕೆಲಸವನ್ನು ನಿಜವಾಗಿ ಮಾಡಿದ್ದು ಕಳೆದ ಬೇಸಗೆಯಲ್ಲಿ, ಅಮೆರಿಕದ ಕೆಂಟಕಿ ಸಂಸ್ಥಾನದಲ್ಲಿ. ಆ ವಸ್ತು ಬರ್ಬನ್ ವಿಸ್ಕಿ.

ವಾಚಕರು ಹುಬ್ಬು ಗಂಟಿಕ್ಕುವ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಪಾನಪ್ರಿಯನಲ್ಲ; ಪಾನಪ್ರಚಾರಕನಂತೂ ಖಂಡಿತ ಅಲ್ಲ. ಹೆಂಡದ ಅಂಗಡಿ ಎಷ್ಟು ಮನೆಗಳ ಒಲೆಯನ್ನು ಆರಿಸಬಲ್ಲುದೆಂಬುದನ್ನು ನಮ್ಮೂರಿನ ಬೀದಿಯಲ್ಲಿಯೇ ಕಂಡು ಬೆಳೆದವನು. ಮಹಾಕಾವ್ಯದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದೆಂದು ಪಟ್ಟಿ ಬರೆಸುವಾಗ, ಪಂಪಭಾರತದ ಪಾನಗೋಷ್ಠಿಯ ಭಾಗವನ್ನು ವಿವರಿಸುವಾಗ, ವಿದ್ಯಾರ್ಥಿಗಳ ತುಟಿಯಲ್ಲಿ ಸುಳಿಯುವ ನಗೆಯನ್ನು ಕಾಣದವನಂತೆ ಪುಟ ಮಗುಚುವುದು ನನ್ನ ರೂಢಿ. ಕೆಂಟಕಿಯಲ್ಲಿಯೂ ನಾನು ಸೇವಿಸಿದ್ದು ಚಮಚಗಳ ಲೆಕ್ಕದಲ್ಲಿ. ಅದರಲ್ಲಿಯೂ ಬಹುಭಾಗವನ್ನು ರುಚಿ ನೋಡುವವರ ಪದ್ಧತಿಯಂತೆ ಪಕ್ಕದ ಪಾತ್ರೆಗೆ ಉಗುಳಿದ್ದೇನೆ. ಈ ಬರಹದ ವಿಷಯ ಕುಡಿತವಲ್ಲ, ತೀರ್ಪು.

ನನ್ನ ತಮ್ಮ ಲೂಯಿವಿಲ್ ನಗರದಲ್ಲಿ ಎಂಜಿನಿಯರ್. ರಜೆಗೆ ಅವನಲ್ಲಿಗೆ ಹೊರಟಾಗ ನನ್ನ ಚೀಲದಲ್ಲಿ ಒಂದು ಹಸ್ತಪ್ರತಿಯೂ ಒಂದು ಕಾಗದವೂ ಇದ್ದವು. ಹಸ್ತಪ್ರತಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳದು. ಈಗ ಅವಳು ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ಅಧ್ಯಾಪಕಿ. ತಾನು ಬರೆದ ನಲವತ್ತೆರಡು ಕವಿತೆಗಳನ್ನು ದುಂಡಗಿನ ಅಕ್ಷರದಲ್ಲಿ ನಕಲು ಮಾಡಿ ಅಭಿಪ್ರಾಯ ಕೇಳಿ ಕಳಿಸಿದ್ದಳು. ನಾನು ಅಲ್ಲೊಂದು ಇಲ್ಲೊಂದು ಪುಟ ತಿರುವಿ, ‘ಮಣ್ಣಿನ ಸೊಗಡಿದೆ, ಇನ್ನೂ ಮಾಗಬೇಕು’ ಎಂದು ಒಂದು ಕಾರ್ಡು ಬರೆದು ಹಾಕಿದ್ದೆ. ಅದೇ ವಾರದಲ್ಲಿ ಪ್ರಸಿದ್ಧ ಕವಿಯೊಬ್ಬರ ಹೊಸ ಸಂಕಲನದ ಮೇಲೆ ಎರಡು ಅಂಕಣ ತುಂಬುವಷ್ಟು ಹೊಗಳಿಕೆಯನ್ನು ಬರೆದೆನೆಂಬುದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕಾರ್ಡಿಗೆ ಅವಳಿಂದ ಉತ್ತರ ಬಂತು. ಒಂದೇ ವಾಕ್ಯ: ‘ಸರ್, ಯಾವುದು ಮಾಗಿಲ್ಲವೆಂದು ದಯವಿಟ್ಟು ತಿಳಿಸುವಿರಾ?’ ಆ ಕಾಗದಕ್ಕೆ ನಾನು ಉತ್ತರಿಸಿರಲಿಲ್ಲ. ವಿಮಾನದಲ್ಲಿ ಓದಿದರಾಯಿತು ಎಂದುಕೊಂಡು ಎರಡನ್ನೂ ಚೀಲಕ್ಕೆ ಸೇರಿಸಿದ್ದೆ. ವಿಮಾನದಲ್ಲಿ ನಿದ್ದೆ ಮಾಡಿದೆ.

ತಮ್ಮನ ಮನೆಯ ಬೇಲಿಯಾಚೆ ಎಪ್ಪತ್ತು ದಾಟಿದ ಹಿರಿಯರೊಬ್ಬರಿದ್ದರು. ಪೀಪಾಯಿ ಕಟ್ಟುವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಅಂಗೈ ಹಲಗೆಯಂತೆ ಗಡುಸು, ಮಾತು ಮೆದು. ನಾನು ಅಧ್ಯಾಪಕನೆಂದು ತಿಳಿದ ದಿನದಿಂದ ನನ್ನನ್ನು ‘ಪ್ರೊಫೆಸರ್’ ಎಂದೇ ಕರೆದರು. ಬರ್ಬನ್ ಎಂದರೇನೆಂದು ನನಗೆ ಕಲಿಸಿದವರು ಅವರು.

ಬರ್ಬನ್ನಿಗೆ ಒಂದು ಲಕ್ಷಣಗ್ರಂಥವಿದೆ. ಅದು ಅಮೆರಿಕದ ಕಾನೂನು. ಧಾನ್ಯದಲ್ಲಿ ನೂರಕ್ಕೆ 51 ಭಾಗಕ್ಕೆ ಕಡಿಮೆಯಿಲ್ಲದಂತೆ ಮುಸುಕಿನ ಜೋಳವಿರಬೇಕು. ಉಳಿದುದು ಸಾಮಾನ್ಯವಾಗಿ ರೈ ಅಥವಾ ಗೋಧಿ, ಜೊತೆಗೆ ಮೊಳಕೆ ಬರಿಸಿದ ಬಾರ್ಲಿ. ಭಟ್ಟಿ ಇಳಿಸುವಾಗ ಮದ್ಯಸಾರ ನೂರಕ್ಕೆ 80ನ್ನು ಮೀರಬಾರದು. ಪೀಪಾಯಿಗೆ ತುಂಬುವಾಗ 62.5ನ್ನು ಮೀರಬಾರದು. ಬಾಟಲಿಗೆ ಬರುವಾಗ 40ಕ್ಕಿಂತ ಇಳಿಯಬಾರದು. ಬಣ್ಣವನ್ನಾಗಲಿ ಬೇರೆ ರುಚಿಯನ್ನಾಗಲಿ ಬೆರೆಸುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲಿ ಇರಬೇಕು. 1964ರಲ್ಲಿ ಅಮೆರಿಕದ ಕಾಂಗ್ರೆಸ್ಸು ಇದನ್ನು ತನ್ನ ದೇಶದ ವಿಶಿಷ್ಟ ಉತ್ಪನ್ನವೆಂದು ನಿರ್ಣಯಿಸಿತು. ಒಳಮೈ ಸುಡುವ ಉಪಾಯವನ್ನು ಎಲೈಜಾ ಕ್ರೇಗ್ ಎಂಬ ಹದಿನೆಂಟನೆಯ ಶತಮಾನದ ಪಾದ್ರಿ ಕಂಡುಹಿಡಿದನೆಂಬ ಐತಿಹ್ಯವುಂಟು. ಅದಕ್ಕೆ ಆಧಾರವಿಲ್ಲವೆಂದು ಇತಿಹಾಸಕಾರರು ಹೇಳುತ್ತಾರೆ. ಐತಿಹ್ಯವನ್ನು ಬಿಡಲು ಜನ ಒಪ್ಪುವುದಿಲ್ಲ. ನಮ್ಮ ಕವಿಚರಿತೆಗಳ ಪಾಡೂ ಇದೇ ಅಲ್ಲವೆ!

ಹಿರಿಯರು ಹೇಳಿದ ಪೀಪಾಯಿಯ ಕಥೆ ನನಗೆ ಹೆಚ್ಚು ಹಿಡಿಸಿತು. ಬಿಳಿ ಓಕ್ ಮರದ ಹಲಗೆಗಳನ್ನು ಮೊಳೆಯಿಲ್ಲದೆ, ಅಂಟಿಲ್ಲದೆ, ಕಬ್ಬಿಣದ ಬಳೆಗಳ ಬಿಗಿಯಿಂದಲೇ ಕೂಡಿಸಿ, ಒಳಗೆ ಬೆಂಕಿ ಹೊತ್ತಿಸುತ್ತಾರೆ. ಒಂದು ನಿಮಿಷಕ್ಕೂ ಕಡಿಮೆ ಹೊತ್ತು ಉರಿದರೆ ಸಾಕು, ಒಳಮೈ ಮೊಸಳೆಯ ಬೆನ್ನಿನಂತೆ ಬಿರಿದು ಇದ್ದಿಲಾಗುತ್ತದೆ. ಸುಮಾರು 200 ಲೀಟರು ಹಿಡಿಯುವ ಆ ಪಾತ್ರೆಗೆ ನೀರಿನಷ್ಟು ತಿಳಿಯಾದ ಸಾರವನ್ನು ತುಂಬುತ್ತಾರೆ. ಬೇಸಗೆಯ ಕಾವಿಗೆ ಅದು ಹಿಗ್ಗಿ ಮರದೊಳಕ್ಕೆ ಇಳಿಯುತ್ತದೆ, ಚಳಿಗಾಲದಲ್ಲಿ ಕುಗ್ಗಿ ಹೊರಬರುತ್ತದೆ. ಹೀಗೆ ಹೋಗಿ ಬರುವಾಗಲೆಲ್ಲ ಮರದಿಂದ ಒಂದಿಷ್ಟನ್ನು ಹೊತ್ತು ತರುತ್ತದೆ. ಬೆಂಕಿಗೆ ಒಡೆದ ಲಿಗ್ನಿನ್ನಿಂದ ವೆನಿಲಾದ ಕಂಪು. ಮರದ ಸಕ್ಕರೆಗಳು ಕಂದಿದ್ದರಿಂದ ಕಾಸಿದ ಬೆಲ್ಲದ ವಾಸನೆ. ಓಕ್ ಮರದ ಲ್ಯಾಕ್ಟೋನ್‌ಗಳಿಂದ ಕೊಬ್ಬರಿಯ ನೆನಪು. ನಮ್ಮ ಲವಂಗದಲ್ಲಿರುವ ಯೂಜಿನಾಲ್ ಎಂಬ ದ್ರವ್ಯ ಓಕ್ ಮರದಲ್ಲಿಯೂ ಉಂಟು. ಇವೆಲ್ಲ ಕವಿಸಮಯಗಳಲ್ಲ, ರಸಾಯನಶಾಸ್ತ್ರ.

ಈ ನಡುವೆ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ದ್ರವ ಆವಿಯಾಗಿ ಹೋಗುತ್ತದೆ. ಅದನ್ನು ಅವರು ‘ದೇವದೂತರ ಪಾಲು’ ಎನ್ನುತ್ತಾರೆ. ಕಾನೂನು ಹೊಸ ಪಾತ್ರೆಯನ್ನೇ ಕೇಳುವುದರಿಂದ ಒಮ್ಮೆ ಬರಿದಾದ ಪೀಪಾಯಿ ಮತ್ತೆ ಬರ್ಬನ್ನಿಗೆ ಒದಗುವುದಿಲ್ಲ. ಅದು ಹಡಗು ಹತ್ತಿ ಸ್ಕಾಟ್ಲೆಂಡಿಗೆ ಹೋಗುತ್ತದೆ, ಬೇರೆ ದೇಶಗಳಿಗೂ ಹೋಗುತ್ತದೆ. ನಮ್ಮ ಬೆಂಗಳೂರಿನಲ್ಲಿ 1948ರಲ್ಲಿ ಆರಂಭವಾದ ಅಮೃತ್ ಭಟ್ಟಿಯವರು 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆ ಮಾಡಿ ಹೆಸರು ಗಳಿಸಿದ ಮಾಲ್ಟ್ ವಿಸ್ಕಿಯೂ ಇಂತಹ ಬರ್ಬನ್ ಪೀಪಾಯಿಗಳಲ್ಲಿ ಮಾಗುವುದುಂಟು. ಅಲ್ಲಿಯ ಸೆಕೆಗೆ ದೇವದೂತರ ಪಾಲು ವರ್ಷಕ್ಕೆ ನೂರಕ್ಕೆ ಹತ್ತನ್ನು ಮೀರುತ್ತದೆ. ಇದನ್ನು ತಮ್ಮ ಹೇಳಿದಾಗ ಹಿರಿಯರು ನಕ್ಕರು: “ಹಾಗಾದರೆ ಪ್ರೊಫೆಸರ್, ನಾನು ಕಟ್ಟಿದ ಪೀಪಾಯಿ ನಿಮ್ಮ ಊರನ್ನು ನನಗಿಂತ ಮೊದಲೇ ನೋಡಿರಬಹುದು.”

ಇನ್ನು ‘ಒಂದೇ ಪೀಪಾಯಿ’ಯ ಮಾತು. ಸಾಮಾನ್ಯವಾಗಿ ಹತ್ತಾರು, ನೂರಾರು ಪೀಪಾಯಿಗಳ ದ್ರವವನ್ನು ಬೆರೆಸಿ, ಎಲ್ಲ ಬಾಟಲಿಗಳಲ್ಲಿಯೂ ಒಂದೇ ರುಚಿ ಬರುವಂತೆ ಹದಗೊಳಿಸಿ ಮಾರುತ್ತಾರೆ. ಆದರೆ ಉಗ್ರಾಣದ ಮೇಲಂತಸ್ತಿನ ಕಾವು ಬೇರೆ, ಕೆಳಗಿನ ತಂಪು ಬೇರೆ; ಒಂದು ಮರದ ಹಲಗೆ ಇನ್ನೊಂದರಂತಲ್ಲ. ಒಂದೇ ದಿನ, ಒಂದೇ ಭಟ್ಟಿಯಿಂದ ತುಂಬಿದ ಎರಡು ಪೀಪಾಯಿಗಳು ಆರೇಳು ವರ್ಷಗಳ ಮೇಲೆ ಒಡಹುಟ್ಟಿದವರಂತೆ ಹೋಲುತ್ತವೆ, ಒಡಹುಟ್ಟಿದವರಂತೆಯೇ ಬೇರೆಯಾಗಿರುತ್ತವೆ. ಅವುಗಳಲ್ಲಿ ಒಂದನ್ನು ಆಯ್ದು, ಬೇರಾವುದರೊಡನೆಯೂ ಬೆರೆಸದೆ ಬಾಟಲಿಗಿಳಿಸಿದರೆ ಅದೇ ಒಂದೇ ಪೀಪಾಯಿಯ ಬರ್ಬನ್. ಫ್ರಾಂಕ್‌ಫರ್ಟ್ ಊರಿನಲ್ಲಿ, ಇಂದು ಬಫಲೋ ಟ್ರೇಸ್ ಎಂದು ಕರೆಯುವ ಭಟ್ಟಿಯಲ್ಲಿ, ಎಲ್ಮರ್ ಟಿ. ಲೀ ಎಂಬವರು 1984ರಲ್ಲಿ ಬ್ಲಾಂಟನ್ಸ್ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದರು. ಆ ಭಟ್ಟಿಯನ್ನು ಹಿಂದೆ ನಡೆಸುತ್ತಿದ್ದ ಆಲ್ಬರ್ಟ್ ಬ್ಲಾಂಟನ್ ಅವರ ಹೆಸರು ಅದು. ತಗಡಿನ ಗೋಡೆಯ ಒಂದು ಉಗ್ರಾಣದಿಂದ ಅವರು ಒಳ್ಳೆಯ ಪೀಪಾಯಿಗಳನ್ನು ಅತಿಥಿಗಳಿಗಾಗಿ ಆರಿಸಿಡುತ್ತಿದ್ದರೆಂದು ಹೇಳುತ್ತಾರೆ. ಬಾಟಲಿಯ ಚೀಟಿಯ ಮೇಲೆ ಉಗ್ರಾಣ, ಪೀಪಾಯಿಯ ಸಂಖ್ಯೆ, ಬರಿದು ಮಾಡಿದ ದಿನ ಎಲ್ಲವೂ ಇರುತ್ತವೆ. ಒಂದು ಪೀಪಾಯಿಯಿಂದ ಬರುವುದು ಕೆಲವು ನೂರು ಬಾಟಲಿಯೊಳಗೆ. ಮುಗಿದರೆ ಮುಗಿಯಿತು, ಆ ರುಚಿ ಮತ್ತೆ ಹುಟ್ಟದು. ಬೆರಕೆಯ ಬರ್ಬನ್ ಪ್ರಬಂಧಕಾವ್ಯವಾದರೆ ಇದು ಮುಕ್ತಕ: ಹಿಂದುಮುಂದಿನ ಪದ್ಯಗಳ ಆಸರೆಯಿಲ್ಲ, ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು.

ಮೊದಲ ಸಂಜೆ ತಮ್ಮ ಅಂತಹದೊಂದು ಬಾಟಲಿಯನ್ನು ತೆರೆದನು. ಅದರ ತಯಾರಕರ ಹೆಸರು ಇಲ್ಲಿ ಬೇಡ. ಬೆಲೆಯನ್ನು ಕೇಳಿ, ಚೀಟಿಯ ಮೇಲೆ ಕೈಬರಹದ ಸಂಖ್ಯೆಯನ್ನು ನೋಡಿ, ನಾನು ಆಗಲೇ ಅರ್ಧ ಸೋತಿದ್ದೆ. ಒಂದೆರಡು ಹನಿ ಸವಿದು ಕಣ್ಣಲ್ಲಿ ನೀರು ಬರಿಸಿಕೊಂಡು, ನೋಟುಪುಸ್ತಕದಲ್ಲಿ ಒಂದು ಪುಟ ಬರೆದೆ: ಗಂಭೀರ, ಶ್ರೀಮಂತ, ಪ್ರೌಢ, ಪರಿಪಕ್ವ, ಬಹುಸ್ತರದ ಧ್ವನಿಯುಳ್ಳದ್ದು. ತಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದನು. ಹಿರಿಯರು ಗಮನವಿಟ್ಟು ಕೇಳಿ, “ಚೆನ್ನಾಗಿದೆ. ಆದರೆ ಪ್ರೊಫೆಸರ್, ಇದರಲ್ಲಿ ಬಾಟಲಿಯನ್ನು ಕುರಿತ ಮಾತೆಷ್ಟು, ಲೋಟದೊಳಗಿನದನ್ನು ಕುರಿತ ಮಾತೆಷ್ಟು?” ಎಂದರು. ನಾನು ಪುಟವನ್ನು ಮತ್ತೊಮ್ಮೆ ಓದಿದೆ. ಲೋಟದೊಳಗಿನದನ್ನು ಕುರಿತು ಒಂದು ಮಾತೂ ಇರಲಿಲ್ಲ.

ಮರುದಿನ ಅವರು ಕ್ರಮವನ್ನು ಹೇಳಿಕೊಟ್ಟರು. ಬುಡ ಉಬ್ಬಿ ಬಾಯಿ ಕಿರಿದಾದ, ಮೊಗ್ಗಿನ ಆಕಾರದ ಗಾಜಿನ ಲೋಟ. ಮೂಗನ್ನು ಅದರೊಳಗೆ ತುರುಕಬಾರದು. ತುಟಿಯನ್ನು ತುಸು ತೆರೆದು ದೂರದಿಂದಲೇ ಮೂಸಬೇಕು, ಇಲ್ಲವಾದರೆ ಮದ್ಯಸಾರದ ಉರಿ ಮೂಗನ್ನು ಕುರುಡು ಮಾಡುತ್ತದೆ. ಮೊದಲ ಗುಟುಕಿಗೆ ಬೆಲೆಯಿಲ್ಲ, ಅದು ನಾಲಿಗೆಯನ್ನು ಪಳಗಿಸಲು ಮಾತ್ರ. ಎರಡನೆಯ ಗುಟುಕನ್ನು ಬಾಯಲ್ಲಿಟ್ಟು ನಿಧಾನವಾಗಿ ಅಗಿಯಬೇಕು. ಅದಕ್ಕೆ ಅಲ್ಲಿಯವರು ‘ಕೆಂಟಕಿಯ ಅಗಿತ’ ಎನ್ನುತ್ತಾರೆ. ದ್ರವವನ್ನು ಅಗಿಯುವುದೆ! ಅಭಿನವಗುಪ್ತನ ಚರ್ವಣೆ ಲೂಯಿವಿಲ್ಲಿನ ಅಂಗಳದಲ್ಲಿ ಸಿಕ್ಕೀತೆಂದು ನಾನು ಕನಸಿನಲ್ಲಿಯೂ ಎಣಿಸಿರಲಿಲ್ಲ. ಆಮೇಲೆ ರುಚಿ ಎಷ್ಟು ಹೊತ್ತು ನಿಲ್ಲುತ್ತದೆ, ಏನಾಗಿ ಮುಗಿಯುತ್ತದೆ ಎಂಬುದನ್ನು ಕಾಯಬೇಕು. ಕೊನೆಗೆ ಕೆಲವು ಹನಿ ನೀರು. ನೀರು ಬಿದ್ದೊಡನೆ ಕಂಪು ಬಿರಿಯುತ್ತದೆ. ನೀರಿನೊಡನೆ ತೆಳುವಾದ ವಿಸ್ಕಿಯಲ್ಲಿ ಗ್ವಾಯಕಾಲ್ ಎಂಬ ಹೊಗೆವಾಸನೆಯ ದ್ರವ್ಯ ಮೇಲ್ಮೈಗೆ ಬಂದು ನಿಲ್ಲುತ್ತದೆಂದು 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಗಣಕಯಂತ್ರದ ಲೆಕ್ಕಾಚಾರದಿಂದ ತೋರಿಸಿದ್ದಾರೆ.

“ಸಿಕ್ಕಿದ್ದನ್ನು ನಿಮ್ಮ ಅಡುಗೆಮನೆಯ ಮಾತಿನಲ್ಲಿಯೇ ಬರೆಯಿರಿ” ಎಂದರು ಹಿರಿಯರು. ಬರೆಯಲು ಕುಳಿತರೆ ಕನ್ನಡ ಎಷ್ಟು ಶ್ರೀಮಂತವೆಂದು ತಿಳಿಯಿತು. ಜೋನಿಬೆಲ್ಲ; ಹುರಿದ ಜೋಳ; ತಳ ಹಿಡಿದ ಹಾಲು; ಲವಂಗ ಕಚ್ಚಿದಾಗಿನ ಖಾರ; ಹಳೆಯ ಪೆಟ್ಟಿಗೆಯ ಮರದ ವಾಸನೆ. ಇನ್ನೊಂದು ಗುಣಕ್ಕೆ ಅವರು ‘ಬಾಯಿ ಒಣಗಿಸುವ, ಬಿಗಿಹಿಡಿಯುವ ಮರದ ಹಿಡಿತ’ ಎಂದು ಉದ್ದಕ್ಕೆ ಹೇಳಿದರು. ನಮ್ಮ ಷಡ್ರಸಗಳಲ್ಲಿ ಅದಕ್ಕೆ ಒಂದೇ ಪದವಿದೆ: ಒಗರು. ಎಳೆಯ ನೆಲ್ಲಿಕಾಯಿ, ಬಾಳೆದಿಂಡು ತಿಂದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪದವನ್ನು ಅವರಿಗೆ ಕಲಿಸಿದೆ. ಅವರು ಎರಡು ಬಾರಿ ಉಚ್ಚರಿಸಿ ತಲೆದೂಗಿದರು.

ಮೂರನೆಯ ಸಂಜೆ ಪರೀಕ್ಷೆ. ತಮ್ಮ ಒಳಗಿನಿಂದ 1, 2, 3, 4 ಎಂದು ಗುರುತಿಟ್ಟ ಲೋಟಗಳನ್ನು ತಂದು ನನ್ನ ಮುಂದೆಯೂ ಹಿರಿಯರ ಮುಂದೆಯೂ ಇಟ್ಟನು. “ಅಣ್ಣಾ, ನೂರಕ್ಕೆ ಎಷ್ಟು ಅಂಕವೆಂದು ಬರಿ. ಒಬ್ಬರ ಕಾಗದವನ್ನು ಇನ್ನೊಬ್ಬರು ನೋಡಬಾರದು” ಎಂದನು. ಉತ್ತರಪತ್ರಿಕೆಗಳಿಗೆ ಅಂಕ ಹಾಕಿ ಪಳಗಿದ ಕೈ. ನಾನು ಧೈರ್ಯವಾಗಿಯೇ ಬರೆದೆ. ಒಂದನೆಯದು ತೆಳು, ಉರಿ ಹೆಚ್ಚು: 62. ಎರಡನೆಯದು ಒಗರು, ಕೊನೆಯಲ್ಲಿ ಲವಂಗ: 70. ಮೂರನೆಯದು ಜೋನಿಬೆಲ್ಲ, ಹದವಾದ ಪಾಕ: 81. ನಾಲ್ಕನೆಯದು ಸರಳ, ಸಿಹಿ: 74.

ತಮ್ಮ ಗುಟ್ಟನ್ನು ಬಿಚ್ಚಿದನು. ಒಂದು ಮತ್ತು ಮೂರು ಒಂದೇ ಬಾಟಲಿಯವು; ಮೊದಲ ಸಂಜೆ ನಾನು ಗಂಭೀರ, ಪ್ರೌಢ ಎಂದು ಕೊಂಡಾಡಿದ ಅದೇ ಬಾಟಲಿ! ಎರಡನೆಯದು ಅದೇ ತಯಾರಕರ ಬೇರೊಂದು ಪೀಪಾಯಿಯದು. ನಾಲ್ಕನೆಯದು ಅಂಗಡಿಯ ಕೆಳಗಿನ ಸಾಲಿನಲ್ಲಿ ಸಿಗುವ ಅಗ್ಗದ ಬೆರಕೆ. ಒಂದೇ ವಸ್ತುವಿಗೆ ಅರ್ಧ ಗಂಟೆಯ ಅಂತರದಲ್ಲಿ ನಾನು 19 ಅಂಕಗಳ ವ್ಯತ್ಯಾಸ ಮಾಡಿದ್ದೆ. ಎರಡು ಲೋಟಗಳ ದುಬಾರಿ ಮದ್ಯಕ್ಕಿಂತ ಅಗ್ಗದ್ದಕ್ಕೆ ಹೆಚ್ಚು ಅಂಕ ಕೊಟ್ಟಿದ್ದೆ. ಹಿರಿಯರ ಕಾಗದದಲ್ಲಿ ಒಂದಕ್ಕೆ 78, ಮೂರಕ್ಕೆ 76 ಇತ್ತು. ಪಕ್ಕದಲ್ಲಿ ‘ಒಂದೇ ಇರಬಹುದೆ?’ ಎಂದು ಪ್ರಶ್ನಾರ್ಥಕ ಚಿಹ್ನೆ. ಮಿಕ್ಕಂತೆ ಅವರು ಬರೆದದ್ದು ಒಟ್ಟು ಹನ್ನೊಂದು ಪದ.

ನನ್ನ ಮುಖ ಬಾಡಿದ್ದನ್ನು ಕಂಡು ತಮ್ಮ ಸಮಾಧಾನಕ್ಕೆಂದು ಕೆಲವು ಸಂಗತಿಗಳನ್ನು ಓದಿ ಹೇಳಿದನು. 2001ರಲ್ಲಿ ಪ್ರಕಟವಾದ ಬೋರ್ಡೋ ನಗರದ ಪ್ರಯೋಗವೊಂದರಲ್ಲಿ ಬಿಳಿಯ ದ್ರಾಕ್ಷಾರಸಕ್ಕೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅದೇ ವಿದ್ಯೆಯನ್ನು ಓದುತ್ತಿದ್ದ 54 ಮಂದಿ ಕೆಂಪು ದ್ರಾಕ್ಷಾರಸವನ್ನು ವರ್ಣಿಸುವ ಮಾತುಗಳನ್ನೇ ಬಳಸಿದರಂತೆ. ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರ ತೀರ್ಪುಗಾರರಿಗೆ ಒಂದೇ ಬಾಟಲಿಯ ದ್ರಾಕ್ಷಾರಸವನ್ನು ಗೊತ್ತಾಗದಂತೆ ಮೂರು ಬಾರಿ ಕೊಟ್ಟು ನೋಡಿದವರು ರಾಬರ್ಟ್ ಹಾಡ್ಜ್‌ಸನ್. 2008ರಲ್ಲಿ ಅವರು ಪ್ರಕಟಿಸಿದಂತೆ, ಮೂರು ಬಾರಿಯೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ. ಇದನ್ನು ಕೇಳಿದಾಗ ನನಗೆ ಸಮಾಧಾನವಾಗಲಿಲ್ಲ, ಹೆದರಿಕೆಯಾಯಿತು. ಬೆಳಿಗ್ಗೆ ತೆರೆದ ಮೊದಲ ಉತ್ತರಪತ್ರಿಕೆ, ಸಂಜೆ ನಾಲ್ಕರ ಕೊನೆಯ ಉತ್ತರಪತ್ರಿಕೆ, ಇವೆರಡರ ನಡುವೆ ನನ್ನ ಕೈ ಎಷ್ಟು ಸಲ 19 ಅಂಕ ಜಾರಿದೆಯೋ! ಅಲ್ಲಿಯಾದರೂ ಹೆಸರು ಮುಚ್ಚಿರುತ್ತದೆ. ಪುಸ್ತಕದ ಮುಖಪುಟದ ಮೇಲೆ ಹೆಸರು ಎಷ್ಟು ದಪ್ಪಕ್ಷರದಲ್ಲಿರುತ್ತದೆ!

“ಹಾಗಾದರೆ ರುಚಿಯ ತೀರ್ಪೆಂಬುದೇ ಸುಳ್ಳೆ?” ಎಂದು ಹಿರಿಯರನ್ನು ಕೇಳಿದೆ. ಅವರು ನನ್ನ ಕಾಗದವನ್ನು ಎತ್ತಿಕೊಂಡು ಎರಡನೆಯ ಲೋಟದ ಸಾಲಿನ ಮೇಲೆ ಬೆರಳಿಟ್ಟರು. “ಇದು ಸುಳ್ಳಲ್ಲ. ಈ ಪೀಪಾಯಿ ಮೇಲಂತಸ್ತಿನದು, ಮರವನ್ನು ಹೆಚ್ಚು ಕುಡಿದಿದೆ. ನಿಮ್ಮ ಒಗರು ನನ್ನ ಕಾಗದದಲ್ಲಿಯೂ ಇದೆ. ಅಂಕ ಹಾಕಿದ್ದು ನಿಮ್ಮ ಹೆಮ್ಮೆ. ಒಗರನ್ನು ಕಂಡದ್ದು ನಿಮ್ಮ ನಾಲಿಗೆ. ಮೊದಲನೆಯ ಲೋಟಕ್ಕೆ ಅನ್ಯಾಯವಾದದ್ದು ಅದು ಮೊದಲನೆಯದಾದ್ದರಿಂದ. ನಾಲಿಗೆ ಇನ್ನೂ ಪಳಗಿರಲಿಲ್ಲ. ನೀವು ಮತ್ತೆ ಅದಕ್ಕೆ ಹಿಂತಿರುಗಬೇಕಾಗಿತ್ತು.” ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಮಾತು ಹೇಳಿದರು: “ಜನ ‘ಮಾಗಿದೆ’, ‘ಮಾಗಿಲ್ಲ’ ಎಂದು ಸುಲಭವಾಗಿ ಹೇಳುತ್ತಾರೆ. ಮರದಿಂದ ಏನು ಬಂತು, ಏನು ಬರಲಿಲ್ಲ ಎಂದು ಹೇಳಲಾರದವರು ಆ ಮಾತನ್ನು ಆಡಬಾರದು.”

ಅವರಿಗೆ ನನ್ನ ಚೀಲದಲ್ಲಿದ್ದ ಕಾಗದದ ವಿಷಯ ತಿಳಿದಿರಲಿಲ್ಲ. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಹಸ್ತಪ್ರತಿಯನ್ನು ಮರುದಿನ ತೆಗೆದೆ. ಮೊದಲ ನಾಲ್ಕು ಕವಿತೆಗಳನ್ನು ಲೆಕ್ಕಕ್ಕೆ ಹಿಡಿಯದೆ ಓದಿ, ಕೊನೆಯವರೆಗೂ ಹೋಗಿ, ಮತ್ತೆ ಅವಕ್ಕೇ ಹಿಂತಿರುಗಿದೆ. ಎರಡು ದಿನ ಬಿಟ್ಟು ಇನ್ನೊಮ್ಮೆ ಓದಿದೆ. ಅಡಗಿದ್ದ ಮಹಾಕವಿಯೊಬ್ಬಳು ಸಿಕ್ಕಿದಳೆಂದು ಹೇಳಿದರೆ ಅದೂ ಒಂದು ಸುಳ್ಳೇ ಆಗುತ್ತದೆ. ಇಪ್ಪತ್ತಕ್ಕೂ ಹೆಚ್ಚು ಕವಿತೆಗಳು ಬೇರೆಯವರ ದನಿಯಲ್ಲಿದ್ದವು. ಕೆಲವು ಚೆನ್ನಾಗಿ ಆರಂಭವಾಗಿ ಕೊನೆಯ ಎರಡು ಸಾಲುಗಳಲ್ಲಿ ಉಪದೇಶಕ್ಕಿಳಿದಿದ್ದವು. ಆದರೆ ತಾಯಿ ತೀರಿಕೊಂಡ ಮನೆಯಲ್ಲಿ ಅಡುಗೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುವ ಕವಿತೆಯೊಂದಿತ್ತು. ಶಾಲೆಯ ಬಾವಿಯನ್ನು ಕುರಿತು ಇನ್ನೊಂದು. ಇವೆರಡಕ್ಕೂ ಯಾರ ಆಸರೆಯೂ ಬೇಕಿರಲಿಲ್ಲ. ಇವುಗಳಲ್ಲಿ ಒಂದು ಒಗರಿತ್ತು. ಅದನ್ನು ನಾನು ‘ಮಾಗಿಲ್ಲ’ ಎಂದುಬಿಟ್ಟಿದ್ದೆ. ಆ ಕಾರ್ಡು ಬರೆದಾಗ ಈ ಎರಡನ್ನೂ ನಾನು ಓದಿರಲೇ ಇಲ್ಲ. ಪ್ರಸಿದ್ಧ ಕವಿಯ ಸಂಕಲನವನ್ನು ಊರಿಗೆ ಬಂದ ಮೇಲೆ ರಟ್ಟಿಗೆ ಕಾಗದ ಸುತ್ತಿ ಮತ್ತೆ ಓದಿದೆ. ನನ್ನ ಎರಡು ಅಂಕಣಗಳಲ್ಲಿ ಉಳಿಸಿಕೊಳ್ಳಬಹುದಾದದ್ದು ಒಂದು ಪರಿಚ್ಛೇದ.

ವಿದ್ಯಾರ್ಥಿನಿಗೆ ಆರು ಪುಟದ ಕಾಗದ ಬರೆದೆ. ‘ಸೊಗಡು’, ‘ಪ್ರೌಢ’, ‘ಪರಿಪಕ್ವ’ ಎಂಬ ಪದಗಳನ್ನು ಬಳಸಲಿಲ್ಲ. ಯಾವ ಸಾಲಿನಲ್ಲಿ ಏನು ಸಿಕ್ಕಿತು, ಯಾವ ಸಾಲಿನಲ್ಲಿ ಏನು ಸಿಕ್ಕಲಿಲ್ಲ ಎಂದಷ್ಟೇ, ಕವಿತೆಯ ಸಂಖ್ಯೆ ಹಾಕಿ ಬರೆದೆ. ಮೊದಲಿನ ಕಾರ್ಡನ್ನು ಓದದೆ ಬರೆದೆನೆಂಬುದನ್ನೂ ಬರೆದೆ; ಆ ವಾಕ್ಯವನ್ನು ಬರೆಯಲು ಉಳಿದ ಆರು ಪುಟಗಳಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಕಾಗದ ಅಂಚೆಗೆ ಬಿದ್ದು ಎರಡು ತಿಂಗಳಾಯಿತು. ಉತ್ತರ ಬಂದಿಲ್ಲ. ಅವಳು ಬರೆಯುವುದನ್ನು ಬಿಟ್ಟಿರಬಹುದೇ ಎಂಬ ಅಂಜಿಕೆ ಒಮ್ಮೊಮ್ಮೆ ಕಾಡುತ್ತದೆ. ಬೆರಕೆಯ ಮದ್ಯದಲ್ಲಿ ಒಂದು ಪೀಪಾಯಿ ಕೆಟ್ಟರೆ ಇನ್ನೊಂದು ಸರಿದೂಗಿಸುತ್ತದೆ. ಒಂದೇ ಪೀಪಾಯಿ ಹಾಗಲ್ಲ. ಅದನ್ನು ಸವಿಯುವವನು ಅವಸರಪಟ್ಟರೆ ಸರಿದೂಗಿಸಲು ಬೇರೊಂದು ಇರುವುದಿಲ್ಲ. ಅಂಚೆಯವನು ಬರುವ ಹೊತ್ತಿಗೆ ನಾನೀಗ ದಿನವೂ ಬಾಗಿಲಲ್ಲಿರುತ್ತೇನೆ.